ಹಳೇಬೀಡಿಗೆ ಬಸ್ಸೈತೆ

ಭಗವಂತ ಮನುಷ್ಯನಿಗೆ ಎರಡು ಕಾಲು ಕೊಟ್ಟದ್ದು ಹೊಲಕ್ಕೆ ಹೋಗಿಬರಲಿ, ಗುಡಿ ಸುತ್ತಲಿ, ದಣಿದಾಗ ಮಡಚಿಕೊಂಡು ಜಗಲಿಯ ಮೇಲೆ ಕೂರಲಿ ಎಂದು. ಓಡು ಎಂದು ಅವನು ಎಲ್ಲಿಯೂ ಅಪ್ಪಣೆ ಕೊಟ್ಟಂತಿಲ್ಲ. ಓಡುವುದಕ್ಕೆಂದೇ ಜಿಂಕೆ, ಮೊಲ, ಕುದುರೆಗಳನ್ನು ಬೇರೆಯಾಗಿ ಮಾಡಿಟ್ಟಿದ್ದಾನೆ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಶಿವಪ್ರಕಾಶನಿಗೆ ಐವತ್ತು ದಾಟುವವರೆಗೂ ಈ ವಿಷಯದಲ್ಲಿ ಭಗವಂತನ ಜೊತೆ ಯಾವ ತಕರಾರೂ ಇರಲಿಲ್ಲ. ಮಂಡಿಯಿಂದ ಮನೆಗೆ ಸ್ಕೂಟರು, ಮನೆಯೊಳಗೆ ಉಯ್ಯಾಲೆ. ಎರಡರ ನಡುವಿನ ಗೇಟು ತೆಗೆಯುವುದಕ್ಕೂ ಹಾರನ್ ಹೊಡೆದು ಹೆಂಡತಿಯನ್ನು ಕರೆಯುತ್ತಿದ್ದ ಪುಣ್ಯಾತ್ಮ ಅವನು.

ಇಂಥವನ ತಲೆಗೆ ಓಟ ಹೊಕ್ಕದ್ದು ಗಂಡಸಿಯಲ್ಲಿ, ಅತ್ತೆ ರುಕ್ಮಿಣಮ್ಮನ ಮನೆಯಲ್ಲಿ ನಡೆದ ಒಂದು ನಾಮಕರಣದ ಊಟದಲ್ಲಿ.

ಆ ಮನೆಯಲ್ಲಿ ಹಿರಿಯ ಅಳಿಯನಿಗೆ ಮೊದಲ ಎಲೆ, ಮೊದಲ ತುಪ್ಪ. ಅದು ಬಹಳ ಕಾಲದಿಂದ ನಡೆದುಬಂದ ಕಟ್ಟಳೆ. ಶಿವಪ್ರಕಾಶ ಬೇರೆ ಯಾವ ಪದವಿಯನ್ನೂ ಬದುಕಿನಲ್ಲಿ ಸಂಪಾದಿಸಿರಲಿಲ್ಲವಾದ್ದರಿಂದ ಮೊದಲ ಎಲೆಯ ಮುಂದೆ ಸಿಂಹಾಸನದ ಮೇಲೆ ಕೂತಂತೆ ಕೂರುತ್ತಿದ್ದ. ಎರಡನೆಯ ಎಲೆ ಶರತ್ಚಂದ್ರನದು. ಅವನು ಶಿವಪ್ರಕಾಶನ ಹೆಂಡತಿಯ ತಂಗಿಯ ಗಂಡ, ಹಾಸನದವನು. ಅಂದು ಅವನು ಕಾರಿನಿಂದ ಇಳಿದಾಗ ಕೊರಳಲ್ಲಿ ಒಂದು ಮೆಡಲು ತೂಗುತ್ತಿತ್ತು. ಬೆಂಗಳೂರಿನಲ್ಲಿ ಯಾವುದೋ ದೊಡ್ಡ ಓಟವಂತೆ. ಹೆಸರು ಬರೆಸಿದವರಿಗೆಲ್ಲ, ಓಡಲಿ ತೆವಳಲಿ, ಕೊನೆಗೆ ಒಂದೊಂದು ಮೆಡಲು ಹಾಕಿ ಕಳಿಸುತ್ತಾರಂತೆ. ಶರತ್ಚಂದ್ರ ಅದನ್ನು ಊಟಕ್ಕೆ ಕೂತಾಗಲೂ ಬಿಚ್ಚಲಿಲ್ಲ. ಬಗ್ಗಿದಾಗಲೆಲ್ಲ ಅದು ಸಾರಿನೊಳಗೆ ಮುಳುಗುತ್ತಿತ್ತು. ಎದ್ದಾಗ ಒರೆಸಿ, ಒರೆಸುವ ನೆಪದಲ್ಲಿ ಎಲ್ಲರಿಗೂ ತೋರಿಸುತ್ತಿದ್ದ.

"ಓಟ ಅಂದ್ರೆ ತಪಸ್ಸು ಅಣ್ಣಾ," ಎಂದ ಶಿವಪ್ರಕಾಶನ ಕಡೆ ತಿರುಗಿ. "ನಿಮ್ಮಂಥೋರಿಗೆ ಆಗಲ್ಲ ಬಿಡಿ. ಹೊಟ್ಟೆ ಮುಂದೆ ಓಡುತ್ತೆ, ಕಾಲು ಹಿಂದೆ ಉಳಿಯುತ್ತೆ."

ಪಂಕ್ತಿಯೆಲ್ಲ ನಕ್ಕಿತು. ಪಾಯಸ ಬಡಿಸುತ್ತಿದ್ದವನೂ ನಕ್ಕ. ಆ ನಗುವಿನಲ್ಲಿ ಅವನ ಕೈ ಅಲುಗಿ, ಮೊದಲ ಎಲೆಗೆ ಬೀಳಬೇಕಾದ ಪಾಯಸ ಎರಡನೆಯ ಎಲೆಗೆ ಬಿತ್ತು. ಅವಮಾನವನ್ನು ಶಿವಪ್ರಕಾಶ ನುಂಗಿಕೊಳ್ಳುತ್ತಿದ್ದ; ಪಾಯಸ ತಪ್ಪಿದ್ದನ್ನು ನುಂಗಲಾಗಲಿಲ್ಲ.

"ಹಗಲೊತ್ತು ಬೆಂಗಳೂರಿನ ರೋಡಲ್ಲಿ ಓಡೋದೂ ಒಂದು ಓಟವೇನಯ್ಯಾ?" ಎಂದು ಅಬ್ಬರಿಸಿದ. "ಯುಗಾದಿ ಹಿಂದಿನ ರಾತ್ರಿ ಅರಸೀಕೆರೆ ಬಿಟ್ಟು ಹಬ್ಬದ ಬೆಳಗ್ಗೆ ಹಳೇಬೀಡು ದೇವಸ್ಥಾನದ ಮುಂದೆ ನಿಂತಿರ್ತೀನಿ. ಓಡ್ಕೊಂಡು! ಬಂದು ನೋಡು!"

"ನಿಂತಿಲ್ದೇ ಹೋದ್ರೆ?"

"ಹೋದ್ರೆ ಈ ಮನೇಲಿ ಮೊದಲ ಎಲೆ ನಿಂದು!"

ನಗು ನಿಂತಿತು. ಹೋಳಿಗೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ರುಕ್ಮಿಣಮ್ಮ ಮಾತ್ರ ಅಳಿಯನ ಯೋಗಕ್ಷೇಮವನ್ನು ನಿಜವಾಗಿಯೂ ಬಯಸಿ ಕೇಳಿದಳು:

"ಯಾಕೆ ಅಳಿಯಂದ್ರೇ, ಹಳೇಬೀಡಿಗೆ ಬಸ್ಸೈತಲ್ಲ? ಬೆಳಗಿನ ಫಸ್ಟ್ ಗಾಡಿ ಖಾಲಿನೇ ಇರ್ತೈತೆ."

ಶಿವಪ್ರಕಾಶ ಮರುದಿನವೇ ಬೂಟು ಕೊಂಡ. ಅದರ ಜೊತೆಗೆ ಒಂದು ಟೀ-ಶರ್ಟು. ಅದರ ಬಣ್ಣವನ್ನು ಹಸಿರು ಎನ್ನುವುದು ಗಿಡಮರಗಳಿಗೆ ಮಾಡುವ ಅಪಚಾರ. ಕತ್ತಲಲ್ಲಿ ತಾನೇ ಬೆಳಗುವ, ನೋಡಿದವರ ಹಲ್ಲು ಜುಮ್ಮೆನ್ನುವ ಬಣ್ಣ. ಅಂಗಡಿಯವನು ಅದನ್ನು ಬಹಳ ದಿನದಿಂದ ಯಾರ ತಲೆಗೆ ಕಟ್ಟಲಿ ಎಂದು ಕಾಯುತ್ತಿದ್ದನಂತೆ.

ಅಭ್ಯಾಸಕ್ಕೆ ರಾತ್ರಿಯನ್ನೇ ಆರಿಸಿಕೊಂಡ. "ಬಿಸಿಲು ಕಣೇ," ಎಂದು ಹೆಂಡತಿ ಹೇಮಾಶ್ರೀಗೆ ಕಾರಣ ಹೇಳಿದ. ನಿಜವಾದ ಕಾರಣ, ಓಡಲು ಬಾರದ್ದನ್ನು ಯಾರೂ ನೋಡಬಾರದು ಎಂಬುದು. ಊರೆಲ್ಲ ಮಲಗಿ, ಕೋಳಿ ಕೂಗುವುದಕ್ಕೆ ಇನ್ನೂ ಹೊತ್ತಿರುವಾಗ ಗೇಟು ತೆಗೆದು ಹೊರಡುತ್ತಿದ್ದ. ಬೀದಿಯ ತಿರುವಿನವರೆಗೆ ನಡಿಗೆ. ತಿರುವಿನಲ್ಲಿ ವಿಶ್ರಾಂತಿ. ಆಮೇಲೆ ಮತ್ತೆ ನಡಿಗೆ. ಹೀಗೆ ಸಾಗಿ ಸ್ಟೇಷನ್ನಿನ ಆಚೆಗಿನ ಮೊಹಲ್ಲಾ ಹೊಕ್ಕಾಗ ಮಾತ್ರ ಅವನು ಓಡುತ್ತಿದ್ದ. ಏಕೆಂದರೆ ಅಲ್ಲಿ ನಾಯಿಗಳಿದ್ದವು.

ಆ ನಾಯಿಗಳು ಕಳ್ಳರನ್ನು ಕಂಡಿದ್ದವು, ಪೊಲೀಸರನ್ನು ಕಂಡಿದ್ದವು, ಚುನಾವಣೆಗೆ ನಿಂತವರನ್ನೂ ಕಂಡಿದ್ದವು. ಯಾರ ಮೇಲೂ ಅಷ್ಟಾಗಿ ಬೇಸರಪಟ್ಟುಕೊಂಡವಲ್ಲ. ಆದರೆ ಕತ್ತಲಲ್ಲಿ ಕೈಕಾಲು ಮೂಡಿಸಿಕೊಂಡು ಬರುವ ಆ ಹಸಿರನ್ನು ಅವು ಸಹಿಸಲಿಲ್ಲ. ಮಸೀದಿಯ ಮೂಲೆಯಿಂದ ಒಂದು ಶುರು ಮಾಡಿದರೆ ಬೀದಿಗೆ ಬೀದಿಯೇ ದನಿಗೂಡಿಸುತ್ತಿತ್ತು. ಶಿವಪ್ರಕಾಶ ಓಡುತ್ತಿದ್ದ. ಸೊಂಟದಲ್ಲಿ ಮಂಡಿಯ ಬೀಗದಕೈ ಗೊಂಚಲು ಝಣಝಣ ಎನ್ನುತ್ತಿತ್ತು, ಬಾಯಿಂದ "ಶಿವಾ, ಶಿವಾ" ಎಂಬ ನಾಮಸ್ಮರಣೆ ತಾನಾಗಿ ಹೊರಡುತ್ತಿತ್ತು. ಇಡೀ ಆಯುಷ್ಯದಲ್ಲಿ ಅವನು ಇಷ್ಟು ಭಕ್ತಿಯಿಂದ ಶಿವನನ್ನು ನೆನೆದದ್ದಿಲ್ಲ.

ಆಗ ಒಂದು ಅದ್ಭುತ ನಡೆಯಿತು. ಅವನು ಓಡಿದಂತೆಲ್ಲ ಎಡಕ್ಕೊಂದು ಮನೆ, ಬಲಕ್ಕೊಂದು ಮನೆ, ಸಾಲಾಗಿ ದೀಪ ಹೊತ್ತಿಕೊಂಡವು. ಕಿಟಕಿಗಳು ತೆರೆದವು. ಯಾರೋ "ಎದ್ದೇಳಿ, ಎದ್ದೇಳಿ, ಬಂದ್ರು!" ಎಂದರು. ಮಾರನೆಯ ರಾತ್ರಿಯೂ ಹಾಗೆಯೇ. ಅದರ ಮಾರನೆಯ ರಾತ್ರಿಯೂ. ತಾನು ನಡೆದ ಬೀದಿಗಳು ಕತ್ತಲಲ್ಲೇ ಉಳಿದು, ಓಡಿದ ಬೀದಿ ಮಾತ್ರ ಬೆಳಗುವುದನ್ನು ಕಂಡು ಶಿವಪ್ರಕಾಶ ಒಂದು ತೀರ್ಮಾನಕ್ಕೆ ಬಂದ. ಜನ ತನ್ನ ಓಟ ನೋಡಲು ನಿದ್ದೆಗೆಟ್ಟು ಏಳುತ್ತಿದ್ದಾರೆ!

ಅದು ರಂಜಾನ್ ತಿಂಗಳು. ಆ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಹಿಂದುಮುಂದೆ ಬಂದಿದ್ದವು. ಶಿವಪ್ರಕಾಶನಿಗೆ ತಿಳಿದಿದ್ದ ರಂಜಾನ್ ಎಂದರೆ ಸಂಜೆ ಮಸೀದಿ ಮುಂದೆ ಹಣ್ಣಿನ ತಳ್ಳುಗಾಡಿ ನಿಂತು ತನ್ನ ಸ್ಕೂಟರಿಗೆ ದಾರಿ ಸಿಗದಿರುವುದು. ಆ ಜನ ಬೆಳಕು ಹರಿಯುವ ಮೊದಲೇ ಎದ್ದು ಸಹರಿಯ ಊಟ ಮುಗಿಸಿ, ಆಮೇಲೆ ಹೊತ್ತು ಮುಳುಗುವವರೆಗೆ ಗುಟುಕು ನೀರೂ ಕುಡಿಯದೆ ರೋಜಾ ಹಿಡಿಯುತ್ತಾರೆಂಬುದು, ಅರ್ಧ ಆಯುಷ್ಯ ಅದೇ ಊರಿನಲ್ಲಿ ಅವರ ಕೈಯಲ್ಲೇ ಕಾಯಿ ಸುಲಿಸಿಕೊಂಡು ಬದುಕಿದವನಿಗೆ ತಿಳಿಯಬೇಕಿತ್ತು. ತಿಳಿದಿರಲಿಲ್ಲ. ತಿಳಿದುಕೊಳ್ಳದೆ ಬದುಕುವ ವಿದ್ಯೆಯಲ್ಲಿ ಅವನು ಪಾರಂಗತ.

ಒಂದು ರಾತ್ರಿ ಪ್ಯಾರೀಜಾನ್ ಎಂಬ ಮುದುಕಿ ಕಿಟಕಿಯಿಂದ ಕೈಚಾಚಿ ಒಂದು ಮುಷ್ಟಿ ಖರ್ಜೂರ ಕೊಟ್ಟಳು. "ತಗೊಳ್ಳಪ್ಪ ಸಾವ್ಕಾರ. ನಿನ್ನಿಂದ ನಮ್ಮನೇಲಿ ಒಲೆ ಹತ್ತುತಾ ಐತೆ. ದೇವರು ನಿನ್ನ ಕಾಲಿಗೆ ಶಕ್ತಿ ಕೊಡ್ಲಿ!"

ಇನ್ನೊಂದು ರಾತ್ರಿ ವೆಲ್ಡಿಂಗ್ ಅಂಗಡಿಯ ಮುನೀರ್ ಪಾಷ ಬಾಗಿಲಲ್ಲೇ ಕಾದು ನಿಂತಿದ್ದ. "ಸಾವ್ಕಾರ್ರೇ, ನಾಳೆಯಿಂದ ಸ್ವಲ್ಪ ಬೇಗ ಬರೋಕಾಗುತ್ತಾ? ಹೆಂಗಸ್ರಿಗೆ ಟೈಮ್ ಸಾಲ್ತಿಲ್ಲ."

ನಾಯಿಗಳು ಹತ್ತಿರ ಬಂದಿದ್ದರಿಂದ ಶಿವಪ್ರಕಾಶ ನಿಂತು ವಿವರ ಕೇಳಲಾಗಲಿಲ್ಲ. ಮನೆಗೆ ಬಂದು ಹೆಂಡತಿಯನ್ನು ಎಬ್ಬಿಸಿದ.

"ಹೆಂಗಸರಿಗೂ ನೋಡಿದ್ದು ಸಾಲ್ತಿಲ್ಲವಂತೆ ಕಣೇ."

"ಏನನ್ನ?"

"ನನ್ನ!"

ಹೇಮಾಶ್ರೀ ಗಂಡನನ್ನು ಬೂಟಿನಿಂದ ನೆತ್ತಿಯವರೆಗೆ ಒಮ್ಮೆ ನೋಡಿದಳು. "ಲೈಟ್ ಆರಿಸ್ರೀ," ಎಂದು ಮಗ್ಗುಲಾದಳು.

ಮನೆಯಲ್ಲಿ ಬೆಲೆಯಿಲ್ಲದ್ದನ್ನು ಅವನು ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. 'ನನ್ನ ಓಟ ನೋಡಲು ಇಡೀ ಮೊಹಲ್ಲಾ ದೀಪ ಹಚ್ಚುತ್ತದೆ.' ಶರತ್ಚಂದ್ರ ನಗುವ ಮುಖ ಒತ್ತಿದ. ಉಳಿದವರು ಕೈಮುಗಿದರು. ಆ ಗುಂಪಿನಲ್ಲಿ ಸಾವಿನ ಸುದ್ದಿಗೂ ಹಪ್ಪಳದ ಚಿತ್ರಕ್ಕೂ ಕೈಮುಗಿಯುವುದೇ ಪದ್ಧತಿ.

ಕೀರ್ತಿ ತಲೆಗೇರಿದ ಮೇಲೆ ಹೊಟ್ಟೆಗೂ ಇಳಿಯಿತು. ಒಂದು ದಿನ ಯಾರದೋ ಗೃಹಪ್ರವೇಶದಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಹೇರಿಕೊಂಡು ಬಂದು ರಾತ್ರಿ ಮಲಗಿದವನು ಏಳಲೇ ಇಲ್ಲ. ಬೆಳಗ್ಗೆ ಕಣ್ಣುಬಿಟ್ಟಾಗ ಗೇಟಿನ ಮುಂದೆ ಗುಂಪು. ಮುಂದೆ ಮುನೀರ್ ಪಾಷ. ಮುಖ ಬಾಡಿತ್ತು.

"ಸಾವ್ಕಾರ್ರೇ, ರಾತ್ರಿ ಯಾಕೆ ಬರ್ಲಿಲ್ಲ?"

"ಅದೇನೋ ಸ್ವಲ್ಪ ಹೋಳಿಗೆ ಜಾಸ್ತಿಯಾಯ್ತು ಮುನೀರಾ."

"ನೀವು ಹೋಳಿಗೆ ತಿಂದು ಮಲಗಿದ್ರಿ. ನಮ್ಮ ಓಣಿ ಪೂರ್ತಿ ಖಾಲಿ ಹೊಟ್ಟೆ! ಒಂದು ತುತ್ತಿಲ್ಲ, ತೊಟ್ಟು ನೀರಿಲ್ಲ. ಪ್ಯಾರೀಜಾನ್ ಅಜ್ಜಿ ಒಲೆ ಮುಂದೆ ಕೂತು ಅಳ್ತಾವ್ರೆ."

"ನಾನು ಬರ್ಲಿಲ್ಲ ಅಂತ?"

"ಇನ್ಯಾಕೆ? ನೀವು ಬರ್ಲಿಲ್ಲ ಅಂತಾನೇ!"

ಶಿವಪ್ರಕಾಶನ ಕಣ್ಣು ತುಂಬಿಬಂತು. ದೊಡ್ಡ ದೊಡ್ಡ ನಾಯಕರು ಸತ್ತಾಗ ಜನ ಊಟ ಬಿಡುವುದನ್ನು ಕೇಳಿದ್ದ. ತನಗಾಗಿ, ಅದೂ ತಾನು ಬದುಕಿರುವಾಗಲೇ, ಅಜೀರ್ಣವೊಂದರ ನಿಮಿತ್ತ ಒಂದು ಓಣಿಗೆ ಓಣಿಯೇ ಅನ್ನನೀರು ಬಿಟ್ಟಿದೆ! "ಇನ್ನು ಯಾವತ್ತೂ ತಪ್ಪಿಸಲ್ಲ ಕಣ್ರಪ್ಪಾ," ಎಂದು ಗೇಟು ಹಿಡಿದು ಗದ್ಗದಿತನಾದ. "ಈಗಲಾದ್ರೂ ಒಳಗೆ ಬಂದು ಏನಾದ್ರೂ ತಿನ್ನಿ. ಹೇಮಾ, ಉಪ್ಪಿಟ್ಟು ಮಾಡೇ!"

ಅವರು ಮುಖಮುಖ ನೋಡಿಕೊಂಡರು. ರೋಜಾದ ಹಗಲಿನಲ್ಲಿ ಉಪ್ಪಿಟ್ಟಿಗೆ ಕರೆಯುವವನನ್ನು ಏನೆನ್ನಬೇಕು? ಒಳ್ಳೆಯ ಮನುಷ್ಯ, ಹೋಳಿಗೆಯ ಮಂಪರು ಇನ್ನೂ ಇಳಿದಿಲ್ಲ ಎಂದುಕೊಂಡರು. ಮುನೀರನೇ ಮಾತು ಬದಲಿಸಿದ. "ಯುಗಾದಿ ಹಿಂದಿನ ಸಂಜೆ ಶಾದಿಮಹಲಲ್ಲಿ ಇಫ್ತಾರ್ ಐತೆ. ನಿಮಗೊಂದು ಶಾಲು ಹೊದಿಸ್ಬೇಕು ಅಂತ ನಮ್ಮ ದೊಡ್ಡೋರು ಹೇಳವ್ರೆ. ಮನೆಯೋರನ್ನೆಲ್ಲ ಕರ್ಕೊಂಡು ಬರ್ಬೇಕು."

ಶಿವಪ್ರಕಾಶ ಕರೆತಂದ. ಅತ್ತೆಯನ್ನು ಗಂಡಸಿಯಿಂದ, ಶರತ್ಚಂದ್ರ ದಂಪತಿಯನ್ನು ಹಾಸನದಿಂದ. ಆ ಸಂಜೆ ಸನ್ಮಾನ, ಅದೇ ರಾತ್ರಿ ಹಳೇಬೀಡಿನ ಓಟ. ಓಟದ ಮಹತ್ವದ ಮೇಲೆ ಭಾಷಣವೊಂದನ್ನು ಕನ್ನಡಿಯ ಮುಂದೆ ಒಪ್ಪಿಸಿ ಒಪ್ಪಿಸಿ, ಕನ್ನಡಿಗೇ ಬಾಯಿಪಾಠ ಬರುವಂತೆ ಮಾಡಿದ್ದ. ಹಸಿರು ಟೀ-ಶರ್ಟನ್ನೇ ತೊಟ್ಟು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ದಸ್ತಗೀರ್ ಸಾಬ್ ಎಂಬ ಮುದುಕರು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಮಡಿಲಲ್ಲೊಂದು ದಫ್ ಇಟ್ಟುಕೊಂಡು ಕೂತಿದ್ದರು. ಓಟಗಾರನ ಸನ್ಮಾನದಲ್ಲಿ ಈ ವಾದ್ಯದವರು ಯಾಕೆ ಎಂದು ಶಿವಪ್ರಕಾಶನಿಗೆ ಹೊಳೆಯಲಿಲ್ಲ. ಬಹುಶಃ ಮೆರವಣಿಗೆ ಇರಬಹುದು ಎಂದು ಮೀಸೆ ನೀವಿಕೊಂಡ.

ಖರ್ಜೂರ ಹಂಚಿ, ಶರಬತ್ತು ಕುಡಿದು, ನಮಾಜು ಮುಗಿದ ಮೇಲೆ ಮುನೀರ್ ಪಾಷ ಮೈಕ್ ಹಿಡಿದ.

"ನಮ್ಮ ದಸ್ತಗೀರ್ ಸಾಬ್ರು ನಾವು ಹುಟ್ಟೋಕ್ ಮುಂಚೆಯಿಂದ ರಂಜಾನಲ್ಲಿ ದಫ್ ಬಡ್ಕೊಂಡು ಬಂದು ನಮ್ಮನ್ನ ಸಹರಿಗೆ ಎಬ್ಬಿಸ್ತಿದ್ರು. ಈ ಸಲ ಬಿದ್ದು ಮಂಡಿ ಮುರ್ಕೊಂಡ್ರು. ರಾತ್ರಿ ಮೈಕ್ ಹಾಕಂಗಿಲ್ಲ. ಮೊಬೈಲ್ ಅಲಾರಾಂ ಇಟ್ರೆ ಕೈ ತಾನಾಗೇ ಹೋಗಿ ಅದರ ಬಾಯಿ ಮುಚ್ಚುತ್ತೆ. ಏನ್ ಮಾಡೋದು ಅಂತಿರ್ಬೇಕಾದ್ರೆ ಮೇಲಿರೋನು ನಮಗೆ ಈ ಸಾವ್ಕಾರ್ರನ್ನ ಕಳಿಸ್ದ. ಇವರ ಹಿಂದೆ ನಾಯಿಗಳನ್ನ ಕಳಿಸ್ದ. ಆ ಗಲಾಟೆಗೆ ಸತ್ತೋರೂ ಎದ್ದು ಕೂರ್ಬೇಕು! ಪಾಪ, ನಮಗೋಸ್ಕರ ದಿನಾ ನಾಯಿ ಬಾಯಿಗೆ ಕಾಲು ಕೊಟ್ಕೊಂಡು ಓಡವ್ರೆ. ಇಂಥೋರು ಎಲ್ಲಿ ಸಿಗ್ತಾರೆ?"

ಚಪ್ಪಾಳೆ ಬಿತ್ತು. ಶಾಲು ಬಿತ್ತು. ಮುಂದಿನ ಸಾಲಿನಲ್ಲಿ ಶರತ್ಚಂದ್ರ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದ. ಹೇಮಾಶ್ರೀ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. "ಒಳ್ಳೆ ಕೆಲಸ ಮಾಡವ್ರೆ ಬಿಡು," ಎಂದು ರುಕ್ಮಿಣಮ್ಮ ಮಾತ್ರ ಮೆಚ್ಚಿದಳು. "ಅಳಿಯಂದ್ರಿಂದ ಒಬ್ಬರಿಗಾದ್ರೂ ಉಪಯೋಗ ಆಯ್ತಲ್ಲ."

ಶಿವಪ್ರಕಾಶನ ಮುಖ ಮೊದಲು ಕಪ್ಪಿಟ್ಟಿತು. ಆಮೇಲೆ ನಿಧಾನವಾಗಿ ಬೆಳಗಿತು. ಹೇಡಿಗೆ ಬುದ್ಧಿ ಚುರುಕಾಗುವುದು ಓಡಬೇಕಾಗಿ ಬಂದಾಗಲೇ. ಮೈಕ್ ಕಿತ್ತುಕೊಂಡ.

"ಬಂಧುಗಳೇ! ಇವತ್ತಿನ ರಾತ್ರಿ ನಾನು ಹಳೇಬೀಡಿಗೆ ಓಡಬೇಕಿತ್ತು. ಆದರೆ ಬೆಳಗಾದರೆ ನಿಮ್ಮ ಕೊನೆಯ ರೋಜಾ. ನಿಮ್ಮನ್ನು ಎಬ್ಬಿಸದೆ ಹೋದರೆ ಆ ಶಿವ ಮೆಚ್ಚುತ್ತಾನೆಯೇ? ನನ್ನ ಓಟಕ್ಕಿಂತ ನಿಮ್ಮ ಊಟ ದೊಡ್ಡದು. ನಾನು ಹೋಗುವುದಿಲ್ಲ! ಷಡ್ಡಕನ ಮುಂದೆ ಸೋತರೂ ಚಿಂತೆಯಿಲ್ಲ, ಇದು ಸೇವೆ, ಇದು ಸೋಲಲ್ಲ. ಎಲೆಯ ಮಾತೂ ಇನ್ನು ಏಳುವುದಿಲ್ಲ!"

ಈ ಸಲದ ಚಪ್ಪಾಳೆಗೆ ಶಾದಿಮಹಲಿನ ತಗಡು ನಡುಗಿತು. ಶರತ್ಚಂದ್ರನ ಕುಲುಕಾಟ ನಿಂತಿತು. ಮೊದಲ ಎಲೆ ಶಿವಪ್ರಕಾಶನ ಕಣ್ಣಮುಂದೆ ತುಪ್ಪ ಸಹಿತ ಹಾದುಹೋಯಿತು.

ಆಗ ದಸ್ತಗೀರ್ ಸಾಬರು ದಫ್ ಪಕ್ಕಕ್ಕಿಟ್ಟು, ಕೋಲೂರಿ ಎದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಬೇಡಿ ಸಾವ್ಕಾರ್ರೇ. ದೇವಸ್ಥಾನಕ್ಕೆ ಅಂತ ಹೊರಟೋರನ್ನ ನಮ್ಮ ಹೊಟ್ಟೆಗೋಸ್ಕರ ತಡೆದ್ರೆ ನಮ್ಮ ರೋಜಾ ಮೇಲಕ್ಕೆ ಮುಟ್ಟಲ್ಲ. ನೀವು ಹೋಗ್ಲೇಬೇಕು. ಆ ಅಂಗಿ ಒಂದು ಬಿಚ್ಚಿಕೊಟ್ಟು ಹೋಗಿ, ಸಾಕು. ನಮ್ಮ ನಾಯಿಗಳಿಗೆ ಜಗಳ ಇರೋದು ನಿಮ್ಮ ಜೊತೆ ಅಲ್ಲ, ಅದರ ಜೊತೆ."

"ಹೌದೌದು!" ಎಂದ ಮುನೀರ್ ಪಾಷ. "ನನ್ನ ಸ್ಕೂಟರ್ ಹಿಂದೆ ಕೋಲಿಗೆ ಕಟ್ಕೊಂಡು ಒಂದು ಸುತ್ತು ಹೊಡೀತೀನಿ."

ಬಹಳ ಮರ್ಯಾದೆಯಿಂದ, ಒಬ್ಬರು ಶಾಲು ಹಿಡಿದು ಮರೆ ಮಾಡಿ, ಇಬ್ಬರು ತೋಳೆತ್ತಿಸಿ, ವೇದಿಕೆಯ ಮೇಲೆಯೇ ಅದನ್ನು ಬಿಚ್ಚಿಕೊಂಡರು. ಹೊಟ್ಟೆಯ ಹತ್ತಿರ ಸ್ವಲ್ಪ ತಡೆಯಿತು. ಮುನೀರ್ ತನ್ನದೊಂದು ಹಳೆಯ ಅಂಗಿ ತೊಡಿಸಿದ. ಇಷ್ಟು ಗೌರವದಿಂದ ಇನ್ನೊಬ್ಬ ಮನುಷ್ಯನನ್ನು ಸುಲಿದದ್ದು ಅರಸೀಕೆರೆಯ ಕಾಯಿಮಂಡಿಯಲ್ಲೂ ನಡೆದಿರಲಾರದು.

"ಅಣ್ಣಾ, ನಾನು ಕಾರಲ್ಲಿ ಹಿಂದೇನೇ ಬತ್ತೀನಿ, ಲೈಟ್ ಬಿಡ್ತೀನಿ," ಎಂದ ಶರತ್ಚಂದ್ರ.

"ಬೇಡ! ಲೈಟ್ ಬಿದ್ರೆ ಏಕಾಗ್ರತೆ ಕೆಡುತ್ತೆ!"

ಹೀಗೆ, ಉಂಡ ಮೇಲೆ ಬೀಳ್ಕೊಡಿಸಿಕೊಂಡು, ಶಾಲು ಹೊದ್ದು, ಶಿವಪ್ರಕಾಶ ಬಾಣಾವರದ ದಾರಿ ಹಿಡಿದ. ಅಮಾವಾಸ್ಯೆಯ ಕತ್ತಲು. ಮೊಹಲ್ಲಾದ ಮೂಲಕವೇ ಹಾದುಹೋದ. ಮಸೀದಿಯ ಮೂಲೆಯ ನಾಯಿ ತಲೆಯೆತ್ತಿ ನೋಡಿತು, ಆಕಳಿಸಿತು, ಮತ್ತೆ ಮಲಗಿತು. ಬೊಗಳುವಷ್ಟು ಯೋಗ್ಯತೆಯೂ ತನ್ನದಲ್ಲ, ಅಂಗಿಯದು ಎಂದು ಅವನಿಗೆ ಅಲ್ಲಿ ಮನವರಿಕೆಯಾಯಿತು. ಅಟ್ಟಿಸಿಕೊಂಡು ಬರುವವರಿಲ್ಲದೆ ಅವನ ಕಾಲಿಗೆ ಓಟವೇ ಬರಲಿಲ್ಲ. ಊರಿನ ಕೊನೆಯ ತೋಟ ದಾಟಿದ ಮೇಲೆ ಒಂದು ಸಣ್ಣ ಸೇತುವೆಯ ಕಟ್ಟೆ ಸಿಕ್ಕಿತು. ಸ್ವಲ್ಪ ಕೂರೋಣವೆಂದು ಕೂತ. ಒರಗೋಣವೆಂದು ಒರಗಿದ. ಅಲ್ಲಿಗೆ ಹಳೇಬೀಡಿನ ಓಟ ಮುಗಿಯಿತು.

ಬೆಳಗಿನ ಜಾವ ಕಾರಿನ ದೀಪ ಕಂಡು ಎಚ್ಚರವಾಯಿತು. ಶರತ್ಚಂದ್ರನ ಕಾರು! ಹುಣಸೆಮರದ ಹಿಂದೆ ಅವಿತು ನಿಂತ. ಅತ್ತೆ, ಹೆಂಡತಿ ಎಲ್ಲ ಅದರಲ್ಲೇ ಹೋದರೆಂದು ಲೆಕ್ಕ ಹಾಕಿದ. ಕಾರಿನ ಹಿಂದೆಯೇ ಬಾಣಾವರ, ಜಾವಗಲ್ಲಿನ ಮೇಲೆ ಹೋಗುವ ಫಸ್ಟ್ ಗಾಡಿ ಬಂತು. ಹಳೇಬೀಡಿನ ಹತ್ತಿರ ಇಳಿದು, ಕೊನೆಯ ತುಂಡು ದಾರಿ ಓಡಿದರೆ ಓಟವಲ್ಲವೆಂದು ಯಾರು ಹೇಳಬಲ್ಲರು? ಶಾಲನ್ನು ತಲೆಗೆ ಮುಸುಕು ಹಾಕಿಕೊಂಡು ಕೈ ಅಡ್ಡ ಹಿಡಿದ.

"ಎಲ್ಲಿಗೆ ಸಾ?" ಎಂದ ಕಂಡಕ್ಟರು.

"ಹಳೇಬೀಡು. ಕೆರೆ ಏರಿ ಹತ್ರಾನೇ ಇಳಿಸ್ಬಿಡಿ," ಎಂದ ಶಿವಪ್ರಕಾಶ ಪಿಸುದನಿಯಲ್ಲಿ.

ಮುಂದಿನ ಸೀಟಿನಿಂದ ಒಂದು ಪರಿಚಿತ ಕಂಠ ಬಂತು. "ಬನ್ನಿ ಅಳಿಯಂದ್ರೇ, ಇಲ್ಲಿ ಜಾಗ ಐತೆ. ನಾನು ಅವತ್ತೇ ಹೇಳ್ಲಿಲ್ವಾ, ಫಸ್ಟ್ ಗಾಡಿ ಖಾಲಿ ಇರ್ತೈತೆ ಅಂತ?"

ರುಕ್ಮಿಣಮ್ಮ! ಮಡಿಲಲ್ಲಿ ಬೇವು ಬೆಲ್ಲದ ಡಬ್ಬಿ, ಪಕ್ಕದಲ್ಲಿ ಹೇಮಾಶ್ರೀ. ಕಾರಿನ ವಾಸನೆಗೆ ಹೊಟ್ಟೆ ತೊಳಸುತ್ತದೆಂದು ಆಕೆ ಮಗಳನ್ನು ಕರೆದುಕೊಂಡು ಬಸ್ಸಿಗೆ ಬಂದಿದ್ದಳು. ಹೇಮಾಶ್ರೀ ಕಿಟಕಿಯ ಕಡೆ ತಿರುಗಿದವಳು ಮತ್ತೆ ಈ ಕಡೆ ತಿರುಗಲಿಲ್ಲ.

"ಕಂಡಕ್ಟ್ರೇ, ಅವರಿಗೊಂದು ಟಿಕೆಟ್ ಹರೀರಿ," ಎಂದಳು ರುಕ್ಮಿಣಮ್ಮ. "ನಮಗಾದ್ರೆ ಫ್ರೀ. ಓಡೋರಿಗೆ ಇನ್ನೂ ಫ್ರೀ ಮಾಡಿಲ್ಲ ಸರ್ಕಾರದೋರು."

"ಅತ್ತೇ, ಶರತ್ ಹತ್ರ ಹೇಳ್ಬೇಡಿ," ಎಂದು ಶಿವಪ್ರಕಾಶ ಕೈಮುಗಿದ.

"ನಾನ್ಯಾಕಪ್ಪಾ ಹೇಳ್ಲಿ? ಹಬ್ಬದ ದಿನ. ನಾನು ತುಟಿ ಬಿಚ್ಚಲ್ಲ."

ಕೆರೆ ಏರಿಯ ಮೇಲೆ ಇಳಿದ. ನೀರು ಗೋರಿ ಮುಖಕ್ಕೆ, ಕತ್ತಿಗೆ, ಅಂಗಿಗೆ ಬೆವರಿನಂತೆ ಚಿಮುಕಿಸಿಕೊಂಡ. ಬಸ್ಸು ಮುಂದೆ ಹೋಯಿತು. ಶಿವಪ್ರಕಾಶ ಏದುಸಿರು ಬಿಡುವುದನ್ನು ಮೊದಲು ಅಭ್ಯಾಸ ಮಾಡಿ, ಆಮೇಲೆ ಓಡಿದ.

ದೇವಸ್ಥಾನದ ಮುಂದೆ ಶರತ್ಚಂದ್ರ ವಿಡಿಯೋ ಹಚ್ಚಿದ ಮೊಬೈಲ್ ಹಿಡಿದು ನಿಂತಿದ್ದ. ದಾರಿಯುದ್ದಕ್ಕೂ ಅಣ್ಣ ಕಣ್ಣಿಗೆ ಬೀಳದಿದ್ದದ್ದನ್ನು ಕಂಡು ಅವನಿಗೆ ಬೆವರಿಳಿದಿತ್ತು. ಕಾರಿಗಿಂತ ಮುಂದೆ ಹೋಗಿದ್ದಾರೆ ಎಂದು ಆಗಲೇ ನೆಂಟರ ಗುಂಪಿಗೂ, ಎಳನೀರು ಮಾರುವವರಿಗೂ, ಬಾಗಿಲು ಕಾಯುವವನಿಗೂ ಹೇಳಿಬಿಟ್ಟಿದ್ದ. ಬಸ್ಸಿನಿಂದ ಇಳಿದ ರುಕ್ಮಿಣಮ್ಮ ಮಗಳ ಜೊತೆ ಪಕ್ಕದಲ್ಲಿ ನಿಂತು, ಕೊಟ್ಟ ಮಾತಿನಂತೆ ತುಟಿ ಬಿಗಿದಿದ್ದಳು. ತಿರುವಿನಲ್ಲಿ ಶಿವಪ್ರಕಾಶ ತೂರಾಡುತ್ತ ಕಾಣಿಸಿಕೊಂಡ.

"ಅಣ್ಣಾ!" ಎಂದು ಶರತ್ಚಂದ್ರ ಕೂಗಿದ. ಮೊಬೈಲನ್ನು ಹಾಗೆಯೇ ಜೇಬಿಗೆ ತುರುಕಿ, ಓಡಿಬಂದು ಕಾಲುಮುಟ್ಟಿದ. "ಕೆರೆ ಸುತ್ತಿ ಬಂದ್ರಾ? ಸೋತೆ ಅಣ್ಣಾ! ಸೋತೆ!" ಕೊರಳಿನಿಂದ ತನ್ನ ಮೆಡಲನ್ನು ತೆಗೆದು, ಸಾರಿನ ಕಲೆ ಉಳಿದಿದ್ದ ಪಟ್ಟಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಶಿವಪ್ರಕಾಶನ ತಲೆಯ ಮೇಲೆ ಹಿಡಿದ. ಶಿವಪ್ರಕಾಶ ವಿನಯದಿಂದ ಕತ್ತು ಬಗ್ಗಿಸಿದ.

ಅಷ್ಟರಲ್ಲಿ, ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ಬೇಲೂರಿಗೆ ಹೊರಟ ಅದೇ ಬಸ್ಸು ಅವರ ಪಕ್ಕದಲ್ಲೇ ಕಿರ್ರೆಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ, ಜರಿಯಂಚಿನ ಶಾಲೊಂದನ್ನು ಬಾವುಟದಂತೆ ಬೀಸಿದ.

"ಸಾ! ಅರಸೀಕೆರೆ ಹೊರಗೆ ಸೇತುವೆ ತಾವ ಹತ್ತಿದ್ರಲ್ಲ, ನೀವೇ, ನೀವೇ! ಸೀಟಲ್ಲಿ ಶಾಲು ಬಿಟ್ಟೋಗಿದೀರಾ! ಅಷ್ಟು ದೂರ ಗೊರಕೆ ಹೊಡ್ಕೊಂಡು ಬಂದ್ರೆ ಸಾಮಾನಿನ ಮೇಲೆ ಗ್ಯಾನ ಎಲ್ಲಿರ್ತದೆ?"

ಶಾಲು ಹಾರಿಬಂದು ಬಗ್ಗಿದ ತಲೆಯ ಮೇಲೆ ಬಿತ್ತು. ಬಸ್ಸು ಹೋಯಿತು. ಎಳನೀರಿನವನು ಮಚ್ಚು ಕೆಳಗಿಟ್ಟು ನಕ್ಕ. ಶರತ್ಚಂದ್ರ ಮೆಡಲನ್ನು ನಿಧಾನವಾಗಿ ಹಿಂದಕ್ಕೆ ತಂದು ತನ್ನ ಕೊರಳಿಗೇ ಹಾಕಿಕೊಂಡ. ಜೇಬಿನೊಳಗೆ ಮೊಬೈಲು ಇನ್ನೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ರುಕ್ಮಿಣಮ್ಮ ತುಟಿ ಬಿಚ್ಚಲಿಲ್ಲ. ಡಬ್ಬಿ ಬಿಚ್ಚಿದಳು. ದೇವಸ್ಥಾನದ ಕಡೆ ಒಮ್ಮೆ ತೋರಿಸಿ ಕಣ್ಣಿಗೊತ್ತಿಕೊಂಡಳು. ಆ ಮನೆಯ ಕಟ್ಟಳೆಯಂತೆ ಹಬ್ಬದ ಬೇವು ಬೆಲ್ಲವೂ ಮೊದಲು ಹಿರಿಯ ಅಳಿಯನಿಗೇ. ಶಿವಪ್ರಕಾಶ ಅಭ್ಯಾಸಬಲದಿಂದ ಕೈಚಾಚಿದ. ಚಮಚ ಅವನ ಕೈಯನ್ನು ದಾಟಿ ಶರತ್ಚಂದ್ರನ ಅಂಗೈಗೆ ಹೋಯಿತು. ಆಮೇಲೆ ಹೆಣ್ಣುಮಕ್ಕಳಿಗೆ. ಆಮೇಲೆ ಎಳನೀರಿನವನಿಗೆ, ಬಾಗಿಲು ಕಾಯುವವನಿಗೆ. ಎಲ್ಲರದೂ ಮುಗಿದ ಮೇಲೆ ಆಕೆ ಡಬ್ಬಿಯನ್ನು ಓರೆ ಮಾಡಿ, ತಳವನ್ನು ಬಹಳ ಹೊತ್ತು ಕೆರೆದಳು.

"ಬೆಲ್ಲ ಮುಗೀತು ಅಳಿಯಂದ್ರೇ," ಎಂದಳು ಶಾಂತವಾಗಿ. "ಬೇವೈತೆ. ತಿನ್ನಿ."